ಮಂಜುಗಡ್ಡೆಯ ಸಾಕ್ಷ್ಯ

ಮೈಸೂರಿನ ನಮ್ಮ ಮನೆಯ ಊಟದ ಕೋಣೆಯ ಮೂಲೆಯಲ್ಲಿ ಆಳೆತ್ತರದ ಬಿಳಿಯ ಪೆಟ್ಟಿಗೆಯೊಂದು ನಿಂತಿದೆ. ಅದು ಎಲ್ಲರ ಮನೆಯಲ್ಲಿರುವ ಫ್ರಿಜ್ ಅಲ್ಲ. ಅದರ ಅಣ್ಣನೆನ್ನಬಹುದಾದ ಫ್ರೀಜರ್. ನೆತ್ತಿಯ ಮೇಲೆ ಹಗಲಿರುಳೂ ಉರಿಯುವ ಕೆಂಪು ಅಂಕಿಗಳಿವೆ. ಸೊನ್ನೆಗಿಂತ ಕೆಳಗೆ ಹದಿನೆಂಟು ಡಿಗ್ರಿ ಎಂದು ಅವು ಸಾರುತ್ತಿದ್ದುವು. ಕಳೆದ ವೈಶಾಖದವರೆಗೂ ನಾನು ಆ ಅಂಕಿಗಳನ್ನು ಪಂಚಾಂಗದ ತಿಥಿಯನ್ನು ನಂಬುವಷ್ಟೇ ನಿಶ್ಚಿಂತೆಯಿಂದ ನಂಬಿದ್ದೆ. ಹೈಸ್ಕೂಲಿನ ಮಕ್ಕಳಿಗೆ ಮೂವತ್ತೊಂದು ವರ್ಷ ಭೌತವಿಜ್ಞಾನವನ್ನು ಕಲಿಸಿದವನು, ಯಾವ ಅಳತೆಯನ್ನೂ ಪರೀಕ್ಷಿಸದೆ ಒಪ್ಪಬೇಡಿರೆಂದು ಪ್ರತಿ ವರ್ಷವೂ ಬೋಧಿಸಿದವನು ಹೀಗೆ ನಂಬಿದ್ದೆನೆಂದು ಒಪ್ಪಿಕೊಳ್ಳಲು ನಾಚಿಕೆಯಾಗುತ್ತದೆ.

ಪೆಟ್ಟಿಗೆ ಮನೆಗೆ ಬಂದದ್ದು ನನ್ನಾಕೆಯ ಆಸೆಯಿಂದ. ಮಾಗಿಯಲ್ಲಿ ಸಿಕ್ಕುವ ಸೊಗಡಿನ ಅವರೆಕಾಯಿಯನ್ನು ಸುಲಿದು, ಹಿತಕಿ, ಆ ಬೇಳೆಯನ್ನು ಬೇಸಿಗೆಯಲ್ಲಿ ಬರುವ ನೆಂಟರಿಗೆ ಉಳಿಸಬೇಕೆಂಬುದು ಆಕೆಯ ಬಹುಕಾಲದ ಹಂಬಲ. ತಂಗಳುಪೆಟ್ಟಿಗೆಯೆಂದು ನಾನು ಹಾಸ್ಯ ಮಾಡುತ್ತಿದ್ದೆ. ನಮ್ಮ ಸೊಸೆ ಹೆರಿಗೆಯ ರಜೆ ಮುಗಿಸಿ ಆಸ್ಪತ್ರೆಯ ನರ್ಸ್ ಕೆಲಸಕ್ಕೆ ಮರಳಿದ ಮೇಲೆ ನನ್ನ ಹಾಸ್ಯ ನಿಂತಿತು. ಮೇಲಿನ ಎರಡು ಅಂತಸ್ತುಗಳು ಮೊಮ್ಮಗಳಿಗೆ ಮೀಸಲಾದುವು. ರಾತ್ರಿಪಾಳಿಗೆ ಹೋಗುವ ತಾಯಿ ತನ್ನ ಎದೆಹಾಲನ್ನು ಹಿಂಡಿ, ನೂರು ಮಿಲಿಲೀಟರಿನ ಪುಟ್ಟ ಚೀಲಗಳಲ್ಲಿ ತುಂಬಿ, ಮೇಲೆ ತಾರೀಖು ಬರೆದು, ತಟ್ಟೆಯ ಮೇಲೆ ಚಪ್ಪಟೆಯಾಗಿ ಮಲಗಿಸಿ ಹೆಪ್ಪುಗಟ್ಟಿಸಿ, ಆಮೇಲೆ ತಂತಿಯ ಅಂತಸ್ತಿನ ಮೇಲೆ ಪುಸ್ತಕಗಳಂತೆ ಜೋಡಿಸುತ್ತಿದ್ದಳು. ಹದಿನೆಂಟು ಡಿಗ್ರಿಯ ಆ ಚಳಿಯಲ್ಲಿ ಎದೆಹಾಲು ಆರು ತಿಂಗಳು ಚೆನ್ನಾಗಿರುತ್ತದೆ. ಆ ಶೈತ್ಯದಲ್ಲಿ ಸೂಕ್ಷ್ಮಜೀವಿಗಳು ಸಾಯುವುದಿಲ್ಲ, ಬೆಳೆಯಲಾರವು ಅಷ್ಟೆ. ಬಾಗಿಲು ತೆರೆದಾಗಲೆಲ್ಲ ಆ ಸಾಲು ನನಗೆ ಒಂದು ಸಣ್ಣ ಗ್ರಂಥಾಲಯದಂತೆ ಕಾಣುತ್ತಿತ್ತು.

ಒಂದು ಬೆಳಿಗ್ಗೆ ನನ್ನಾಕೆ ಅವರೆಬೇಳೆಯ ಚೀಲವನ್ನು ತೆಗೆದು ನನ್ನ ಮುಂದೆ ಹಿಡಿದಳು. ಗೋಲಿಗಳಂತೆ ಗಲಗಲ ಎನ್ನಬೇಕಾದ ಬೇಳೆ ಒಂದೇ ಹೆಂಟೆಯಾಗಿತ್ತು. ಅಷ್ಟರಲ್ಲಿ ಪಾಳಿ ಮುಗಿಸಿ ಬಂದ ಸೊಸೆ ಹಾಲಿನ ಚೀಲವೊಂದನ್ನು ಹೊರತೆಗೆದು ಬೆಳಕಿಗೆ ಹಿಡಿದಳು. ಕಲ್ಲಿನಂತೆ ಗಟ್ಟಿಯಾಗಿಯೇ ಇತ್ತು. ಆದರೆ ಅದರ ಅಡಿಯಲ್ಲಿ ಒಂದರ ಪಕ್ಕ ಒಂದರಂತೆ ಐದು ಗೆರೆಗಳು ಮೂಡಿದ್ದುವು.

“ಮಾವ, ಇಲ್ಲಿ ನೋಡಿ. ಇದು ಕರಗಿ ಮತ್ತೆ ಗಟ್ಟಿಯಾದದ್ದು. ತಂತಿಯ ಅಚ್ಚು ಬಿದ್ದಿದೆ.”

ನಾನು ನೆತ್ತಿಯ ಅಂಕಿಯನ್ನು ನೋಡಿದೆ. ಸೊನ್ನೆಯ ಕೆಳಗೆ ಹದಿನೆಂಟು. ಆಕೆ ಹೇಳಿದ್ದು ಸರಿ. ತಟ್ಟೆಯ ಮೇಲೆ ಚಪ್ಪಟೆಯಾಗಿ ಹೆಪ್ಪುಗಟ್ಟಿದ ಚೀಲಕ್ಕೆ ತಂತಿಯ ಅಚ್ಚು ಬೀಳಬೇಕಾದರೆ ನಡುವೆ ಎಂದೋ ಅದು ಮೆತ್ತಗಾಗಿರಲೇಬೇಕು. ಎಂದು? ಎಷ್ಟು ಹೊತ್ತು? ಪೂರ್ತಿ ನೀರಾಗಿತ್ತೆ? ಹೇಳುವವರಿಲ್ಲ. ಒಳಗೆ ಇನ್ನೂ ಹರಳುಗಳು ಉಳಿದಿದ್ದರೆ ಅಂಥ ಹಾಲನ್ನು ಮತ್ತೆ ಹೆಪ್ಪುಗಟ್ಟಿಸಬಹುದು. ಪೂರ್ತಿ ಕರಗಿ ಇನ್ನೂ ತಣ್ಣಗಿದ್ದರೆ ಫ್ರಿಜ್ಜಿನಲ್ಲಿಟ್ಟು ಮರುದಿನದೊಳಗೆ ಉಪಯೋಗಿಸಬೇಕು, ಇಲ್ಲವೇ ಚೆಲ್ಲಬೇಕು. ಇದು ವೈದ್ಯರು ಹೇಳುವ ನಿಯಮ. ಚರಿತ್ರೆಯೇ ಗೊತ್ತಿಲ್ಲದ ಹಾಲಿಗೆ ನಿಯಮವನ್ನು ಅನ್ವಯಿಸುವುದು ಹೇಗೆ? ಇಪ್ಪತ್ತೇಳು ಚೀಲಗಳಿದ್ದುವು. ಮಗು ಹಸಿದಿರಬೇಕಾಗಲಿಲ್ಲ; ರಾಗಿ ಸರಿಯಿತ್ತು, ವೈದ್ಯರು ಹೇಳಿದ ಡಬ್ಬಿಯ ಪುಡಿಯಿತ್ತು. ಎದೆಹಾಲನ್ನು ಕಾಲ್ತುಳಿತಕ್ಕೆ ಚೆಲ್ಲಬಾರದೆಂದು ನನ್ನಾಕೆ ಹೇಳಿದಳು. ಅತ್ತೆ ಸೊಸೆಯರಿಬ್ಬರೂ ಸೇರಿ ಹಿತ್ತಲಿನ ದಾಸವಾಳದ ಬುಡಕ್ಕೆ ಒಂದೊಂದನ್ನೇ ಹೊಯ್ದರು. ನಾನು ಹಿತ್ತಲಿಗೆ ಹೋಗಲಿಲ್ಲ.

ಮಧ್ಯಾಹ್ನ ಒಬ್ಬ ಮೆಕ್ಯಾನಿಕ್ ಬಂದ. ಹಿಂಬದಿಗೆ ಕಿವಿಗೊಟ್ಟು, “ಗ್ಯಾಸ್ ಹೋಗಿದೆ ಸಾರ್, ತುಂಬಿಸಬೇಕು” ಎಂದು ಹೇಳಿ ಮೂರು ಸಾವಿರ ರೂಪಾಯಿಯ ಲೆಕ್ಕ ಕೊಟ್ಟ. ಮರುದಿನ ಬರಲು ಹೇಳಿ ಕಳುಹಿಸಿದೆ. ಆ ದಿನವಿಡೀ ನಾನು ಪೆಟ್ಟಿಗೆಯ ಮುಂದೆ ಕುರ್ಚಿ ಹಾಕಿಕೊಂಡು ಕುಳಿತೆ. ರೋಗಿಯನ್ನು ಮುಟ್ಟುವ ಮೊದಲು ಸುಮ್ಮನೆ ನೋಡುತ್ತ ಕೂರುವ ಹಳೆಯ ವೈದ್ಯರ ಪದ್ಧತಿ ಯಂತ್ರಗಳಿಗೂ ಒಪ್ಪುತ್ತದೆಂಬುದು ನನ್ನ ಅನುಭವ.

ಫ್ರೀಜರಿನ ಆಡಳಿತ ಸರಳವಾದದ್ದು. ಕಂಪ್ರೆಸರ್ ಎಂಬ ದುಡಿಯುವ ಆಳು ತಳದಲ್ಲಿದ್ದಾನೆ. ಒಳಗಿನ ಶಾಖವನ್ನು ಹೊತ್ತು ಹೊರಗೆ ಹಾಕುವುದು ಅವನ ಕೆಲಸ. ಯಾವಾಗ ಏಳಬೇಕು, ಯಾವಾಗ ಮಲಗಬೇಕು ಎಂಬ ಅಪ್ಪಣೆ ಹಿಂಬದಿಯ ವಿದ್ಯುತ್ ಹಲಗೆಯಿಂದ ಬರುತ್ತದೆ. ಆದರೆ ಆ ಹಲಗೆಗೆ ಚಳಿಯೂ ತಿಳಿಯದು, ಸೆಕೆಯೂ ತಿಳಿಯದು. ಅರಸನಿಗೆ ಚಾರರೇ ಕಣ್ಣು ಎನ್ನುತ್ತಾರಲ್ಲ, ಹಾಗೆ ಅದಕ್ಕೆ ಒಬ್ಬ ಚಾರನಿದ್ದಾನೆ. ಒಳಗೋಡೆಯ ಮೇಲೆ ಪ್ಲಾಸ್ಟಿಕ್ ಮುಚ್ಚಳದ ಹಿಂದೆ ಅಡಗಿ ಕುಳಿತ, ಕಡಲೆಕಾಯಿಯ ಬೀಜದಷ್ಟು ಗಾತ್ರದ ಸೆನ್ಸರ್. ಎರಡು ಎಳೆ ತಂತಿಗಳ ಮೂಲಕ ಅವನು ಕಳುಹಿಸುವ ವರದಿಯೇ ಅರಸನ ಸರ್ವಜ್ಞಾನ. ನೆತ್ತಿಯ ಮೇಲಿನ ಅಂಕಿಯೂ ಅದೇ ವರದಿಯ ನಕಲು. ಎಷ್ಟೋ ಮನೆಗಳ ಪೆಟ್ಟಿಗೆಗಳಲ್ಲಿ ಅದೂ ಅಲ್ಲ. ನೀವು ಬೇಡಿದ ಚಳಿ ಎಷ್ಟೆಂಬುದನ್ನೇ ಅದು ತಿರುಗಿ ನಿಮಗೆ ತೋರಿಸುತ್ತಿರುತ್ತದೆ. ಕೊಂಡಾಗ ಬಂದ ಕೈಪಿಡಿಯಲ್ಲಿ ನಿಮ್ಮದು ಯಾವ ಬಗೆಯೆಂದು ಬರೆದಿರುತ್ತದೆ. ಕೈಪಿಡಿಯನ್ನು ಓದುವ ಅಭ್ಯಾಸ ನಮಗಿಲ್ಲ, ನನಗೂ ಇರಲಿಲ್ಲ.

ಈ ಚಾರನ ಹೆಸರು ಥರ್ಮಿಸ್ಟರ್. ಮ್ಯಾಂಗನೀಸ್, ನಿಕ್ಕಲ್ ಮೊದಲಾದ ಲೋಹಗಳ ಆಕ್ಸೈಡುಗಳನ್ನು ಒತ್ತಿ ಸುಟ್ಟು ಮಾಡಿದ ಮಣಿ. ತಾಮ್ರದ ತಂತಿಯನ್ನು ಕಾಯಿಸಿದರೆ ಅದರಲ್ಲಿ ವಿದ್ಯುತ್ತಿಗೆ ಎದುರಾಗುವ ಅಡ್ಡಿ, ಎಂದರೆ ರೋಧ, ಹೆಚ್ಚುತ್ತದೆ. ಈ ಮಣಿಯ ನಡತೆ ಅದಕ್ಕೆ ತದ್ವಿರುದ್ಧ. ಬಿಸಿಯಾದರೆ ರೋಧ ಇಳಿಯುತ್ತದೆ, ತಣ್ಣಗಾದರೆ ಏರುತ್ತದೆ. ಈ ವಿಲೋಮ ಗುಣವನ್ನು ಬೆಳ್ಳಿಯ ಸಲ್ಫೈಡಿನಲ್ಲಿ ಮೊದಲು ಗಮನಿಸಿ ಬರೆದಿಟ್ಟವನು ಮೈಕೇಲ್ ಫ್ಯಾರಡೆ, 1833ರಲ್ಲಿ. ಅದೇ 1833ರಲ್ಲಿ ಅಮೆರಿಕದ ಬಾಸ್ಟನ್ನಿನಿಂದ ಟಸ್ಕನಿ ಎಂಬ ಹಡಗು ಕೆರೆಯ ಮಂಜುಗಡ್ಡೆಯನ್ನು ಹೇರಿಕೊಂಡು ಕಲ್ಕತ್ತೆಗೆ ಬಂದಿತು. ಫ್ರೆಡರಿಕ್ ಟ್ಯೂಡರ್ ಎಂಬ ವರ್ತಕನ ಸಾಹಸ ಅದು. ನೂರೆಂಬತ್ತು ಟನ್ ಹೊರಟಿತ್ತು. ನಾಲ್ಕು ತಿಂಗಳ ಸಮುದ್ರಯಾನದಲ್ಲಿ ಕರಗಿದ್ದು ಕಳೆದು ಸುಮಾರು ನೂರು ಟನ್ ಉಳಿದಿತ್ತು. ಅವನ ಮಂಜಿಗೆಂದೇ ಮದರಾಸಿನ ಕಡಲ ದಂಡೆಯಲ್ಲಿ ಕಟ್ಟಿದ ಐಸ್ ಹೌಸ್ ಇಂದಿಗೂ ನಿಂತಿದೆ. ಒಂದು ಕಡೆ ಸಾವಿರಾರು ಮೈಲಿಯಿಂದ ಚಳಿಯನ್ನು ಹೊತ್ತು ತರುವ ಹಡಗು, ಇನ್ನೊಂದು ಕಡೆ ಚಳಿಯನ್ನು ಅಳೆಯುವ ಮಣಿಯ ಬೀಜಮಂತ್ರ. ಎರಡೂ ಒಂದೇ ವರ್ಷದಲ್ಲಿ ಕೂಡಿಬಂದದ್ದು ಆಕಸ್ಮಿಕ. ಆದರೂ ನೆನಪಿಡಲು ಅನುಕೂಲವಾದ ಆಕಸ್ಮಿಕ.

ನಮ್ಮ ಪೆಟ್ಟಿಗೆಯಲ್ಲಿದ್ದ ಬಗೆಯ ಥರ್ಮಿಸ್ಟರ್ 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹತ್ತು ಸಾವಿರ ಓಮ್ ರೋಧವನ್ನು ತೋರಿಸುತ್ತದೆ. ಸೊನ್ನೆ ಡಿಗ್ರಿಯಲ್ಲಿ ಅದು ಮೂವತ್ತೆರಡು ಮೂವತ್ಮೂರು ಸಾವಿರಕ್ಕೆ ಏರುತ್ತದೆ. ಸೊನ್ನೆಗಿಂತ ಹದಿನೆಂಟು ಡಿಗ್ರಿ ಕೆಳಗೆ ತೊಂಬತ್ತು ಸಾವಿರದ ಸಮೀಪಕ್ಕೆ ಹೋಗುತ್ತದೆ. ಬೇರೆ ತಯಾರಕರ ಪೆಟ್ಟಿಗೆಗಳಲ್ಲಿ ಈ ಸಂಖ್ಯೆಗಳು ಬೇರೆ, ಕೆಲವರದು ಐದು ಸಾವಿರದಿಂದ ಆರಂಭವಾಗುತ್ತದೆ. ಆದ್ದರಿಂದ ಆಯಾ ಪೆಟ್ಟಿಗೆಯ ಪಟ್ಟಿಯನ್ನು ನೋಡದೆ ಅಳೆಯುವುದು ವ್ಯರ್ಥ. ಸಂಖ್ಯೆಗಳನ್ನು ಮರೆತರೂ ಚಿಂತೆಯಿಲ್ಲ. ಹೆಚ್ಚು ರೋಧವೆಂದರೆ ಹೆಚ್ಚು ಚಳಿ ಎಂದು ಅರಸ ಓದಿಕೊಳ್ಳುತ್ತಾನೆ, ಇದೊಂದನ್ನು ಮರೆಯಬಾರದು.

ಚಾರ ಸತ್ತರೆ ಅಪಾಯ ಕಡಮೆ. ತಂತಿ ಪೂರ್ತಿ ತುಂಡಾದರೆ ರೋಧ ಅನಂತವಾಗುತ್ತದೆ, ಎರಡು ತಂತಿ ಒಂದಕ್ಕೊಂದು ತಗಲಿದರೆ ಸೊನ್ನೆಯಾಗುತ್ತದೆ. ಇಂಥ ಅಸಂಭವ ವರದಿಯನ್ನು ಈಗಿನ ವಿದ್ಯುತ್ ಹಲಗೆಗಳು ಗುರುತಿಸಿ, ಅಂಕಿಯ ಜಾಗದಲ್ಲಿ ಏನೋ ಒಂದು ಅಕ್ಷರವನ್ನು ಮಿನುಗಿಸಿ ಯಜಮಾನನನ್ನು ಕರೆಯುತ್ತವೆ. ಅಪಾಯವಿರುವುದು ಅರ್ಧಸತ್ಯ ಹೇಳುವ ಚಾರನಿಂದ. ಮಣಿಯ ಹೊದಿಕೆಯೊಳಗೆ ತೇವ ಇಳಿದು ಕಳ್ಳದಾರಿಯೊಂದು ಹುಟ್ಟಿದರೆ ರೋಧ ಇರಬೇಕಾದುದಕ್ಕಿಂತ ಕಡಮೆಯಾಗಿ ಕಾಣುತ್ತದೆ. ಒಳಗೆ ಸೆಕೆಯೆಂದು ಭ್ರಮಿಸಿ ಕಂಪ್ರೆಸರ್ ಬಿಡುವಿಲ್ಲದೆ ಓಡುತ್ತದೆ, ಚಳಿ ಮಿತಿಮೀರುತ್ತದೆ, ವಿದ್ಯುತ್ ಬಿಲ್ಲು ಬೆಳೆಯುತ್ತದೆ. ತಂತಿಯ ಹಾದಿಯಲ್ಲೆಲ್ಲೋ ಕಿಲುಬು ಹಿಡಿದರೆ ಆ ಕಿಲುಬಿನ ರೋಧ ಮಣಿಯ ರೋಧಕ್ಕೆ ಸೇರಿಕೊಳ್ಳುತ್ತದೆ. ಒಳಗೆ ಬೇಕಾದಷ್ಟು ಚಳಿಯಿದೆಯೆಂದು ತಿಳಿದು ಕಂಪ್ರೆಸರ್ ಮಲಗುತ್ತದೆ. ಆಹಾರವನ್ನು ಕೆಡಿಸುವುದು ಈ ಎರಡನೆಯದು.

ಇಷ್ಟನ್ನು ಹಿಡಿದುಕೊಂಡರೆ ಕುರ್ಚಿಯಲ್ಲಿ ಕುಳಿತೇ ಅರ್ಧ ಪರೀಕ್ಷೆ ಮುಗಿಯುತ್ತದೆ. ನಮ್ಮ ಪೆಟ್ಟಿಗೆ ಒಳಗೆ ಬೆಚ್ಚಗಾಗುತ್ತಿತ್ತು, ಕಂಪ್ರೆಸರ್ ಮೌನವಾಗಿತ್ತು. ಗ್ಯಾಸ್ ಹೋಗಿದ್ದರೆ ಒಳಗೆ ಬೆಚ್ಚಗಾಗುವುದು ನಿಜ, ಆದರೆ ಬಡಪಾಯಿ ಕಂಪ್ರೆಸರ್ ಎಷ್ಟು ದುಡಿದರೂ ಸಾಲದೆ ಒಂದೇ ಸಮನೆ ಓಡುತ್ತಿರಬೇಕಾಗಿತ್ತು. ಬಾಗಿಲಿನ ರಬ್ಬರ್ ಸಡಿಲವಾಗಿದ್ದರೂ, ಒಳಗಿನ ಸುರುಳಿಗೆ ಮಂಜು ಕವಿದಿದ್ದರೂ, ಗಾಳಿ ಸುತ್ತಿಸುವ ಫ್ಯಾನು ನಿಂತಿದ್ದರೂ ಹಾಗೆಯೇ. ಬೆಚ್ಚಗಿರುವ ಪೆಟ್ಟಿಗೆ, ಮಲಗಿರುವ ಆಳು, ಹದಿನೆಂಟೆಂದು ಸಾರುವ ಅಂಕಿ, ಈ ಮೂರೂ ಒಟ್ಟಿಗೆ ಕೂಡಿದರೆ ಬೆರಳು ತೋರುವುದು ವರದಿಯ ಕಡೆಗೆ. ಅಂಕಿಯೇ ಒಳಗಿನ ಸೆಕೆಯನ್ನು ಒಪ್ಪಿಕೊಂಡಿದ್ದು ಆಳು ಮಲಗಿದ್ದರೆ ಮಾತ್ರ ಕಂಪ್ರೆಸರಿನಲ್ಲೋ ಅದಕ್ಕೆ ಅಪ್ಪಣೆ ಕೊಡುವ ಹಲಗೆಯಲ್ಲೋ ದೋಷ ಹುಡುಕಬೇಕು. ಮೂರು ಸಾವಿರ ರೂಪಾಯಿ ಉಳಿಯಿತು. ರಬ್ಬರನ್ನೂ ಪರೀಕ್ಷಿಸದೆ ಬಿಡಲಿಲ್ಲವೆನ್ನಿ: ಹತ್ತು ರೂಪಾಯಿಯ ನೋಟನ್ನು ಬಾಗಿಲ ಸಂದಿನಲ್ಲಿ ಸಿಕ್ಕಿಸಿ ಎಳೆದೆ, ನಾಲ್ಕು ಮಗ್ಗುಲಲ್ಲೂ ಬಿಗಿಯಾಗಿಯೇ ಬಂತು.

ಸಂಜೆಯ ಹೊತ್ತಿಗೆ ಇನ್ನೊಂದು ಸುಳಿವು ತಾನಾಗಿಯೇ ಸಿಕ್ಕಿತು. ಮಗ ಕಚೇರಿಯಿಂದ ಬಂದವನು ಅಭ್ಯಾಸಬಲದಿಂದ ಬಾಗಿಲನ್ನು ತೆರೆದು ಧಡಾರನೆ ಮುಚ್ಚಿದ. ನನ್ನ ಕಣ್ಣೆದುರಿಗೇ ಹದಿನೆಂಟಿದ್ದ ಅಂಕಿ ಏಳಾಯಿತು. ಕಂಪ್ರೆಸರ್ ಗುಡುಗುಟ್ಟಿ ಎದ್ದಿತು. ನಾನು ಕುರ್ಚಿಯಿಂದ ಎದ್ದುಬಿಟ್ಟೆ. ಶಾಖ ನಡೆಯುತ್ತದೆ, ಎಂದೂ ಜಿಗಿಯುವುದಿಲ್ಲ. ಹತ್ತಾರು ಕಿಲೋ ಹೆಪ್ಪುಗಟ್ಟಿದ ಪದಾರ್ಥ ತುಂಬಿದ ಪೆಟ್ಟಿಗೆ ಕ್ಷಣಮಾತ್ರದಲ್ಲಿ ಹನ್ನೊಂದು ಡಿಗ್ರಿ ಬಿಸಿಯಾಗುವುದು ಪ್ರಕೃತಿಯಲ್ಲಿಲ್ಲ. ಜಿಗಿಯಬಲ್ಲದ್ದು ವಿದ್ಯುತ್ತೊಂದೇ. ಬಾಗಿಲಿನ ಅದುರಿಗೆ ಎಲ್ಲೋ ಒಂದು ಸಡಿಲ ಕೀಲು ಕ್ಷಣಕಾಲ ಸರಿಯಾಗಿ ಕೂಡಿಕೊಂಡು, ಚಾರ ನಿಜ ನುಡಿದಿದ್ದ. ನಿಜವಾದ ಉಷ್ಣತೆ ಸೊನ್ನೆಯ ಕೆಳಗೆ ಏಳು. ಹಾಗಾದರೆ ಕೆಟ್ಟ ರಾತ್ರಿಗಳಲ್ಲಿ ಎಷ್ಟಿದ್ದೀತು?

ಮರುದಿನ ಮಗ ಮೂರು ವಸ್ತುಗಳನ್ನು ತಂದ: ಫ್ರೀಜರಿನೊಳಗೆ ಇಡುವ ಒಂದು ಸಾಧಾರಣ ಥರ್ಮಾಮೀಟರ್, ಒಂದು ಮಲ್ಟಿಮೀಟರ್, ಎರಡು ಸೇರು ಐಸು. ಥರ್ಮಾಮೀಟರನ್ನು ಗಾಳಿಯಲ್ಲಿ ತೂಗುಹಾಕದೆ ಗಟ್ಟಿಯಾದ ಎರಡು ಚೀಲಗಳ ನಡುವೆ ಇಟ್ಟು ಒಂದು ರಾತ್ರಿ ಬಿಡಬೇಕು. ಬಾಗಿಲು ತೆರೆದೊಡನೆ ಗಾಳಿ ಬದಲಾಗುತ್ತದೆ, ಪದಾರ್ಥ ಅಷ್ಟು ಬೇಗ ಬದಲಾಗುವುದಿಲ್ಲ. ಅದು ಸೊನ್ನೆಯ ಕೆಳಗೆ ಆರೆಂದಿತು. ಅಂಕಿ ಮತ್ತೆ ಹದಿನೆಂಟಕ್ಕೆ ಹೋಗಿ ಕುಳಿತಿತ್ತು.

ಇನ್ನು ಚಾರನನ್ನೇ ಕರೆದು ವಿಚಾರಿಸುವ ಹೊತ್ತು. ಉಳಿದ ಪದಾರ್ಥವನ್ನು ಪಕ್ಕದ ಮನೆಗೆ ಸಾಗಿಸಿ, ಮೊದಲು ಪ್ಲಗ್ಗನ್ನು ಗೋಡೆಯಿಂದ ಕಿತ್ತೆವು. ಸ್ವಿಚ್ ಆರಿಸಿದರೆ ಸಾಲದು. ಇಲ್ಲಿ ಒಂದು ಎಚ್ಚರಿಕೆಯ ಮಾತು ಹೇಳಲೇಬೇಕು. ಈಗಿನ ಮನೆಬಳಕೆಯ ಪೆಟ್ಟಿಗೆಗಳು ಬಹಳಷ್ಟರಲ್ಲಿ ಹರಿಯುವುದು ಐಸೊಬ್ಯೂಟೇನ್ ಎಂಬ ಅನಿಲ. ಅಡುಗೆ ಅನಿಲದ ಹತ್ತಿರದ ನೆಂಟ, ಅದರಂತೆಯೇ ಹೊತ್ತಿಕೊಳ್ಳುವಂಥದು. ಆದುದರಿಂದ ಮಂಜನ್ನು ಕೀಳಲು ಚಾಕು, ತಿರುಪುಳಿಗಳನ್ನು ಎಂದೂ ಹಾಕಬಾರದು. ಸುರುಳಿ ತೂತಾದರೆ ಕಥೆ ಬೇರೆಯಾಗುತ್ತದೆ. ವಿದ್ಯುತ್ ಹಲಗೆಯ ಮುಚ್ಚಳವನ್ನು ತೆರೆಯುವ ಕೆಲಸವನ್ನು ನಾನೂ ಮಾಡಲಿಲ್ಲ. ನಮ್ಮ ಬೀದಿಯ ತುದಿಯಲ್ಲಿ ರೇಡಿಯೋ ರಿಪೇರಿಯಿಂದ ಆರಂಭಿಸಿ ಎಲ್ಲವನ್ನೂ ಕಲಿತ, ನನ್ನ ಹಳೆಯ ವಿದ್ಯಾರ್ಥಿಯೂ ಆದ ಒಬ್ಬರನ್ನು ಕರೆಸಿದೆ.

ಐಸನ್ನು ಪುಡಿಮಾಡಿ ಸ್ಟೀಲ್ ಲೋಟದಲ್ಲಿ ತುಂಬಿ, ಸಂದುಗಳು ಮುಚ್ಚುವಷ್ಟು ಮಾತ್ರ ಶುದ್ಧವಾದ ನೀರು ಹೊಯ್ದು, ಚಮಚದಿಂದ ಕಲಕಿ ಐದು ನಿಮಿಷ ಬಿಟ್ಟೆವು. ಪ್ರಕೃತಿ ಮನುಷ್ಯನಿಗೆ ಪುಕ್ಕಟೆ ಕೊಟ್ಟ ಅಳತೆಗೋಲು ಇದು. ಕುದಿಯುವ ನೀರು ಹೀಗೆ ನಂಬಿಕೆಗೆ ಅರ್ಹವಲ್ಲ. ಸಮುದ್ರಮಟ್ಟದಿಂದ ಸುಮಾರು 760 ಮೀಟರ್ ಎತ್ತರದ ಮೈಸೂರಿನಲ್ಲಿ ಅದು ನೂರು ಡಿಗ್ರಿ ಮುಟ್ಟುವ ಮೊದಲೇ, ತೊಂಬತ್ತೇಳು ತೊಂಬತ್ತೆಂಟರಲ್ಲೇ ಕುದಿದುಬಿಡುತ್ತದೆ. ಕರಗುತ್ತಿರುವ ಮಂಜುಗಡ್ಡೆಯಾದರೋ ಮಂಗಳೂರಿನಲ್ಲೂ ಸೊನ್ನೆ, ಮಡಿಕೇರಿಯಲ್ಲೂ ಸೊನ್ನೆ. ಉಪ್ಪು ಮಾತ್ರ ಬೀಳಬಾರದು. ನನ್ನ ತರಗತಿಯ ಮಕ್ಕಳಿಗೆ ವರ್ಷಕ್ಕೊಮ್ಮೆ ಈ ಲೋಟವನ್ನು ತೋರಿಸುತ್ತಿದ್ದೆ. ನನ್ನ ಮನೆಯಲ್ಲಿಯೇ ಅದನ್ನು ಸಾಕ್ಷಿಗೆ ಕರೆಯುವ ದಿನ ಬರುತ್ತದೆಂದು ಎಣಿಸಿರಲಿಲ್ಲ.

ಮಣಿಯನ್ನು ಅದರ ಹಿಡಿಕೆಯಿಂದ ಬಿಡಿಸಿ ಲೋಟದಲ್ಲಿ ಮುಳುಗಿಸಿದೆವು. ಹಲಗೆಗೆ ಸೇರುವ ತುದಿಯನ್ನು ಕಳಚಿದ ಮೇಲೆಯೇ ಅಳೆಯಬೇಕು. ಇಲ್ಲವಾದರೆ ಹಲಗೆಯೊಳಗಿನ ರೋಧವೂ ಸೇರಿ ಲೆಕ್ಕ ತಪ್ಪುತ್ತದೆ. ಸೊನ್ನೆ ಡಿಗ್ರಿಗೆ ಮೂವತ್ತೆರಡು ಮೂವತ್ಮೂರು ಸಾವಿರ ಬರಬೇಕು. ಮೀಟರು ಎಪ್ಪತ್ತೊಂದು ಸಾವಿರ ತೋರಿಸಿತು. ಮಣಿ ಕೆಟ್ಟಿದೆ, ಹೊಸದನ್ನು ತರೋಣ ಎಂದು ಮಗ ಎದ್ದ. ನನ್ನ ವಿದ್ಯಾರ್ಥಿ ಅವನನ್ನು ತಡೆದು ತಂತಿಯನ್ನು ಮೆಲ್ಲಗೆ ಅಲುಗಿಸಿದರು. ಎಪ್ಪತ್ತೊಂದು ಐವತ್ತಾಯಿತು, ಮೂವತ್ತಮೂರಾಯಿತು, ಮತ್ತೆ ಅರವತ್ತಕ್ಕೆ ಹಾರಿತು. ಲೋಟದ ಐಸು ಹಾಗೆಯೇ ಇತ್ತು. “ಮೇಷ್ಟ್ರೇ, ಮಣಿಯ ತಪ್ಪಲ್ಲ ಇದು” ಎಂದರು.

ತಂತಿಯ ಜಾಡು ಹಿಡಿದು ಹೋದಾಗ ಮುಚ್ಚಳದ ಹಿಂದೆ ಕಪ್ಪು ಟೇಪು ಸುತ್ತಿದ ಗಂಟು ಸಿಕ್ಕಿತು. ಎರಡು ವರ್ಷದ ಕೆಳಗೆ ಒಳಗಿನ ದೀಪವನ್ನು ಬದಲಿಸಲು ಬಂದ ಯಾರೋ ತಂತಿಯನ್ನು ತುಂಡರಿಸಿ, ಹೊಸೆದು, ಟೇಪು ಸುತ್ತಿ ಹೋಗಿದ್ದರು. ಟೇಪನ್ನು ಬಿಚ್ಚಿದರೆ ತಾಮ್ರದ ಎಳೆಗಳು ಹಳೆಯ ತಂಬಿಗೆಯ ಹಾಗೆ ಹಸಿರು ಕಟ್ಟಿದ್ದುವು. ಬಾಗಿಲು ತೆರೆದಾಗಲೆಲ್ಲ ಹೊರಗಿನ ಗಾಳಿ ಒಳನುಗ್ಗುತ್ತದೆ. ಅದರಲ್ಲಿನ ತೇವ ತಣ್ಣನೆಯ ಕೀಲಿನ ಮೇಲೆ ಮೊದಲು ಹನಿಯಾಗಿ, ಆಮೇಲೆ ಮಂಜಾಗಿ ಕೂರುತ್ತದೆ. ಟೇಪಿನ ಅಂಟು ಚಳಿಗೆ ಬಿರುಸಾಗಿ ಬಿಡುತ್ತದೆ. ಎರಡು ಮಳೆಗಾಲ ಸಾಕು. ಗಂಟಿನಿಂದ ಮುಂದಕ್ಕೆ, ಮಣಿಯ ಎರಡು ತಂತಿಗಳಿಗೇ ಮೀಟರಿನ ಮೊನೆಗಳನ್ನು ಹಿಡಿದಾಗ ಅಂಕಿ ಮೂವತ್ತೆರಡು ಸಾವಿರದ ಆರುನೂರಕ್ಕೆ ಬಂದು ಕದಲದೆ ನಿಂತಿತು. ಮಣಿಯನ್ನು ಒರೆಸಿ ಅಂಗೈಯಲ್ಲಿ ಹಿಡಿದೆ. ಮೈಶಾಖಕ್ಕೆ ಅಂಕಿ ಸರಸರನೆ ಏಳು ಸಾವಿರದ ಕಡೆಗೆ ಇಳಿಯಿತು. ಚಾರ ನಿರಪರಾಧಿ. ಅವನ ಓಲೆಯನ್ನು ಹಾದಿಯಲ್ಲಿ ತಿದ್ದಿದ್ದರು.

ಲೆಕ್ಕ ಆಗ ಹೊಂದಿಕೊಂಡಿತು. ಸೊನ್ನೆಯ ಕೆಳಗೆ ಏಳು ಡಿಗ್ರಿಯಲ್ಲಿ ಮಣಿಯ ರೋಧ ಸುಮಾರು ನಲವತ್ತೆಂಟು ಸಾವಿರ. ಕಿಲುಬು ಅದಕ್ಕೆ ನಲವತ್ತು ಸಾವಿರ ಕೂಡಿಸಿದರೆ ಅರಸನಿಗೆ ತಲುಪುವುದು ಎಂಬತ್ತೆಂಟು, ಎಂದರೆ ಹದಿನೆಂಟು ಡಿಗ್ರಿಯ ಚಳಿಯ ಸಮಾಚಾರ. ಕಿಲುಬು ಅರವತ್ತು ಸಾವಿರಕ್ಕೂ ಮೇಲೆ ಹೋದ ರಾತ್ರಿಗಳಲ್ಲಿ ಒಳಗೆ ಸೊನ್ನೆಗಿಂತ ನಾಲ್ಕೈದು ಡಿಗ್ರಿ ಮೇಲಿದ್ದರೂ ಅಂಕಿ ಹದಿನೆಂಟೆಂದೇ ಬೆಳಗುತ್ತಿದ್ದಿರಬೇಕು. ಯಾರೋ ಬಾಗಿಲನ್ನು ಜೋರಾಗಿ ಮುಚ್ಚಿದ ಮುಂಜಾನೆ ಕೀಲು ಕೂಡಿಕೊಂಡು, ಕಂಪ್ರೆಸರ್ ಎದ್ದು, ಕರಗಿದ್ದನ್ನೆಲ್ಲ ಮತ್ತೆ ಕಲ್ಲಾಗಿಸಿ, ಗುರುತು ಅಳಿಸಿಹಾಕುತ್ತಿತ್ತು. ಹಾಲಿನ ಚೀಲದ ಐದು ಗೆರೆಗಳನ್ನುಳಿದು.

ದುರಸ್ತಿಗೆ ಅರ್ಧ ಗಂಟೆಯೂ ಹಿಡಿಯಲಿಲ್ಲ. ಹಸಿರು ಹಿಡಿದ ಭಾಗವನ್ನು ಹೊಳೆಯುವ ತಾಮ್ರ ಕಾಣುವವರೆಗೆ ಕತ್ತರಿಸಿ, ಹೊಸ ತಂತಿಯ ತುಂಡನ್ನು ಬೆಸುಗೆ ಹಾಕಿ, ಒಳಗೆ ಅಂಟು ಸವರಿದ, ಬಿಸಿಗೆ ಕುಗ್ಗಿ ಬಿಗಿಯುವ ಕೊಳವೆಯನ್ನು ಮೇಲೆ ಏರಿಸಿದರು. ನೀರು ಇಳಿದುಬರದಂತೆ ತಂತಿಯನ್ನು ಕೀಲಿನ ಕೆಳಗೆ ಒಮ್ಮೆ ಜೋಲುಬಿಟ್ಟರು. ಮಣಿಯನ್ನು ಮೊದಲಿದ್ದ ಹಿಡಿಕೆಯಲ್ಲಿಯೇ ಕೂರಿಸಿದೆವು. ಬಾಗಿಲ ಹತ್ತಿರಕ್ಕೆ ತಂದರೆ ಸೆಕೆಯ ಸುದ್ದಿಯನ್ನೂ, ಸುರುಳಿಗೆ ತಾಗಿಸಿದರೆ ಚಳಿಯ ಸುದ್ದಿಯನ್ನೂ ಅದು ಅತಿಯಾಗಿ ಹೇಳುತ್ತದೆ. ಕೂಲಿ ಎಷ್ಟೆಂದು ಕೇಳಿದರೆ ಅವರು ನಕ್ಕು, ಕಾಫಿ ಕುಡಿದು ಹೋದರು. ಒಂದು ಹಗಲು ಒಂದು ರಾತ್ರಿ ಪೆಟ್ಟಿಗೆಯನ್ನು ಓಡಿಸಿ ನೋಡಿದೆವು. ಚೀಲಗಳ ನಡುವಿನ ಥರ್ಮಾಮೀಟರ್ ಹದಿನೆಂಟರ ಗೆರೆಯನ್ನು ಮುಟ್ಟಿತು, ನೆತ್ತಿಯ ಅಂಕಿಯೂ ಅಲ್ಲಿಯೇ ಇತ್ತು.

ಥರ್ಮಾಮೀಟರ್ ಈ ಹೊತ್ತಿನ ಮಾತನ್ನು ಹೇಳುತ್ತದೆ. ನಾವು ಮಲಗಿದ್ದಾಗ ಏನಾಯಿತೆಂದು ಹೇಳದು. ಕರೆಂಟು ಹೋಗಿ ಬರುವ ನಮ್ಮ ಊರುಗಳಲ್ಲಿ ಅದೂ ಬೇಕು. ಅದಕ್ಕೆ ಕಾಸಿನ ಖರ್ಚಿಲ್ಲದ ಉಪಾಯವೊಂದಿದೆ. ಒಂದು ಬಟ್ಟಲಿನಲ್ಲಿ ನೀರು ಹೆಪ್ಪುಗಟ್ಟಿಸಿ, ಅದರ ಮೇಲೆ ಒಂದು ನಾಣ್ಯವಿಟ್ಟು, ಮೇಲಿನ ಅಂತಸ್ತಿನಲ್ಲಿ ಇಡಬೇಕು. ಐಸು ಕರಗಿದರೆ ನಾಣ್ಯ ಮುಳುಗುತ್ತದೆ. ಮತ್ತೆ ಹೆಪ್ಪುಗಟ್ಟಿದರೂ ಅದು ಮೇಲೆದ್ದು ಬರಲಾರದು. ಪೂರ್ತಿ ತಳ ಸೇರಿದ್ದರೆ ಎಲ್ಲವೂ ಕರಗಿತ್ತೆಂದು ಅರ್ಥ, ನಡುವೆ ಸಿಕ್ಕಿಕೊಂಡಿದ್ದರೆ ಸ್ವಲ್ಪ ಕರಗಿತ್ತೆಂದು. ನನ್ನಾಕೆ ಅಂಥ ಬಟ್ಟಲನ್ನು ಇಟ್ಟು, ಅದಕ್ಕೆಂದೇ ಹೊಳೆಯುವ ಒಂದು ರೂಪಾಯಿಯನ್ನು ಆರಿಸಿ ಹಾಕಿದಳು.

ಸೊಸೆ ಒಂದು ವಾರ ಆ ಪೆಟ್ಟಿಗೆಯಲ್ಲಿ ಏನನ್ನೂ ಇಡಲಿಲ್ಲ. ನಾನು ಕೇಳಲೂ ಇಲ್ಲ. ಎಂಟನೆಯ ದಿನ ಮೇಲಿನ ಅಂತಸ್ತಿನಲ್ಲಿ ತಾರೀಖು ಬರೆದ ಎರಡು ಚೀಲಗಳು ಕಾಣಿಸಿದುವು. ಈಗ ಸಾಲು ಮತ್ತೆ ಬೆಳೆಯುತ್ತಿದೆ. ಪಾಳಿಗೆ ಹೊರಡುವ ಮೊದಲು ಆಕೆ ಬಾಗಿಲು ತೆರೆದು ಒಮ್ಮೆ ಇಣುಕುತ್ತಾಳೆ. ನೆತ್ತಿಯ ಅಂಕಿಯನ್ನು ನೋಡುವುದಿಲ್ಲ. ಮೊನ್ನೆ ರಾತ್ರಿ ನಾನು ರೇಡಿಯೋ ಮುಂದೆ ಕುಳಿತಿದ್ದೆ. ಪೆಟ್ಟಿಗೆಯ ಬೆಳಕು ಗೋಡೆಯ ಮೇಲೆ ಬಿದ್ದಿತು.

“ರೂಪಾಯಿ ಮೇಲೇ ಇದೆ, ಮಾವ” ಎಂದು ಹೇಳಿ, ಬಾಗಿಲನ್ನು ಮೆಲ್ಲಗೆ ಮುಚ್ಚಿ, ಚಪ್ಪಲಿ ಮೆಟ್ಟಿಕೊಂಡು ಹೊರಟಳು.